ಹಾಜರಿ ಪುಸ್ತಕ ಪಕ್ಕಕ್ಕಿಡಿ, ಆರ್ಡರ್ ಬುಕ್ ತೆಗೆಯಿರಿ: ಸಣ್ಣ ಕಾರ್ಖಾನೆಯ ಎಚ್‌ಆರ್‌ಗೆ ಒಂದು ಕೈಪಿಡಿ

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ನಾನು ಎಚ್‌ಆರ್ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಸೆಕ್ಯುರಿಟಿಯವರು ಬಂದು, "ಮೇಡಂ, ಹನ್ನೊಂದು ಗಂಟೆಗೆ ಪೂಜೆ ಅಂತೆ, ಓನರ್ ಕರೀತಿದ್ದಾರೆ" ಎಂದರು. ಕೆಳಗೆ ಹೋಗಿ ನೋಡಿದರೆ ಲೋಹ ಕೊರೆಯುವ ಹೊಸ ಫೈವ್ ಆಕ್ಸಿಸ್ ಮೆಷಿನ್ ಬಂದು ಕೂತಿದೆ. ಅರಿಶಿನ ಕುಂಕುಮ, ಚೆಂಡು ಹೂವಿನ ಹಾರ, ಬಾಗಿಲ ಹಿಡಿಗೆ ಕಟ್ಟಿದ ನಿಂಬೆಹಣ್ಣು. ಎಲ್ಲರಿಗೂ ಒಂದೊಂದು ಮೈಸೂರು ಪಾಕ್. ನಾನೂ ತಿಂದೆ. ಈ ಮೆಷಿನ್ ಓಡಿಸುವವರು ಯಾರು ಅಂತ ಕೇಳಬೇಕು ಅನ್ನೋದು ನನಗೂ ಹೊಳೆಯಲಿಲ್ಲ, ಅಲ್ಲಿ ಕೈಮುಗಿದು ನಿಂತಿದ್ದ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಆರು ವಾರ ಅದು ಸುಮ್ನೆ ನಿಂತಿತ್ತು. ಹಾರ ಒಣಗಿತು. ಬ್ಯಾಂಕಿನ ಕಂತು ಮಾತ್ರ ತಪ್ಪದೆ ಹೋಗುತ್ತಿತ್ತು. ನಮ್ಮ ಸೆಟ್ಟರ್‌ಗಳೆಲ್ಲ (ಟೂಲ್, ಪಾರ್ಟ್ ಜೋಡಿಸಿ ಮೆಷಿನ್ ಓಡಲು ಸಿದ್ಧ ಮಾಡುವವರು) ಇದಕ್ಕಿಂತ ಸರಳವಾದ ತ್ರೀ ಆಕ್ಸಿಸ್ ವಿಎಂಸಿ ಮೆಷಿನ್‌ನಲ್ಲಿ ಪಳಗಿದವರು, ಮೆಷಿನ್ ಕಂಪನಿಯವರು ಕೊಟ್ಟ ಮೂರು ದಿನದ ಟ್ರೇನಿಂಗ್‌ನಲ್ಲಿ ಬಟನ್ ಯಾವುದು ಅಂತ ಗೊತ್ತಾಯಿತೇ ಹೊರತು ಕೆಲಸ ಬರಲಿಲ್ಲ. ಆ ತಿಂಗಳು ನಾನು ಓನರ್‌ಗೆ ಕೊಟ್ಟ ರಿಪೋರ್ಟ್ ಈಗಲೂ ನನ್ನ ಹತ್ತಿರ ಇದೆ. ಹಾಜರಿ ಶೇ 94. ಹುಟ್ಟುಹಬ್ಬದ ಕೇಕ್ ನಾಲ್ಕು. ಪಿಎಫ್ ಚಲನ್ ಸಮಯಕ್ಕೆ ಕಟ್ಟಿದ್ದಾಗಿದೆ. ಎಲ್ಲ ಕಾಲಂಗೂ ಹಸಿರು ಬಣ್ಣ. ಕಾರ್ಖಾನೆಯ ಅತಿ ದೊಡ್ಡ ತೊಂದರೆ ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಎಚ್‌ಆರ್ ಮತ್ತು ಬಿಸಿನೆಸ್ ಸ್ಟ್ರ್ಯಾಟಜಿ ಅಂತ ಗೂಗಲ್ ಮಾಡಿದರೆ ಬಾಣದ ಗುರುತಿನ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಅವು ಸಾವಿರಾರು ಜನರ ಕಂಪನಿಗಳಿಗೆ. ಐವತ್ತರಿಂದ ಇನ್ನೂರು ಜನ ಇರುವ, ಎಚ್‌ಆರ್ ಅಂದರೆ ಒಬ್ಬರೇ ಆಗಿರುವ, ಅವರೇ ಕ್ಯಾಂಟೀನ್ ಬಿಲ್ಲನ್ನೂ ನೋಡಬೇಕಾದ ಜಾಗದಲ್ಲಿ ಏನು ಮಾಡಬಹುದು ಅನ್ನೋದನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಮೊದಲು ಓನರ್ ಬಾಯಿ ಬಿಡಿಸಿ

ಸ್ಟ್ರ್ಯಾಟಜಿ ಅನ್ನೋದು ಸಣ್ಣ ಕಂಪನಿಯಲ್ಲಿ ಯಾವ ಫೈಲಿನಲ್ಲೂ ಇರೋದಿಲ್ಲ, ಓನರ್ ತಲೆಯಲ್ಲಿ ಇರುತ್ತೆ, ಅದೂ ಅರ್ಧ. ಮೀಟಿಂಗ್ ಕರೆದು "ಸಾರ್, ನಮ್ಮ ಸ್ಟ್ರ್ಯಾಟಜಿ ಏನು" ಅಂತ ಕೇಳಿದರೆ "ಬೆಳೀಬೇಕಮ್ಮ, ಮುಂದಿನ ವರ್ಷ ಡಬಲ್ ಆಗಬೇಕು" ಅನ್ನುತ್ತಾರೆ. ಅದು ಆಸೆ. ಸಂಜೆ ಕಾಫಿ ಹೊತ್ತಿಗೆ, ಅಥವಾ ಕಸ್ಟಮರ್ ಹತ್ತಿರ ಹೋಗುವಾಗ ಅವರ ಕಾರಿನಲ್ಲೇ ಕೂತು, ಬೇರೆ ರೀತಿ ಕೇಳಿ. ಮುಂದಿನ ಒಂದೂವರೆ ವರ್ಷದಲ್ಲಿ ಜಾಸ್ತಿ ದುಡ್ಡು ಯಾವ ಕಸ್ಟಮರ್‌ನಿಂದ ಬರುತ್ತೆ? ಯಾವ ಕೆಲಸ ಬಿಡಬೇಕು ಅಂತಿದ್ದೀರಿ? ಕಸ್ಟಮರ್‌ಗಳು ಪಕ್ಕದ ಶೆಡ್ ಬಿಟ್ಟು ನಮ್ಮ ಹತ್ತಿರ ಯಾಕೆ ಬರುತ್ತಾರೆ?

ಮೂರನೆಯದೇ ಮುಖ್ಯ. ಅದಕ್ಕೆ ಸಾಮಾನ್ಯವಾಗಿ ಮೂರು ಉತ್ತರ ಇರುತ್ತವೆ: ನಮ್ಮಲ್ಲಿ ರೇಟ್ ಕಡಿಮೆ, ಅಥವಾ ಬೇರೆಯವರಿಗೆ ಆಗದ ಕಷ್ಟದ ಪಾರ್ಟ್ ನಾವು ಮಾಡುತ್ತೇವೆ, ಅಥವಾ ಹೇಳಿದ ದಿನಕ್ಕೆ ಕೊಡುತ್ತೇವೆ. ಮೂರೂ ನಾವೇ ಅಂತ ಹೇಳುವ ಓನರ್‌ಗಳೂ ಇದ್ದಾರೆ, ನಕ್ಕು ಸುಮ್ಮನಾಗಬೇಡಿ, ಒಂದನ್ನು ಆರಿಸುವವರೆಗೆ ಬಿಡಬೇಡಿ. ಯಾಕಂದರೆ ಒಂದೊಂದಕ್ಕೂ ಬೇರೆ ಬೇರೆ ಥರದ ಜನ ಬೇಕು. ರೇಟ್ ಕಡಿಮೆ ಅನ್ನುವ ಕಾರ್ಖಾನೆಗೆ ಬೇಗ ಕಲಿಯಬಹುದಾದ ಹಾಗೆ ಒಡೆದ ಕೆಲಸ ಬೇಕು, ಹೊಸಬರು ಬಂದು ಹೋಗುತ್ತಿದ್ದರೂ ನಡೆಯಬೇಕು, ಓಟಿ (ಓವರ್‌ಟೈಂ) ಬಿಗಿಯಾಗಿರಬೇಕು. ಕಷ್ಟದ ಪಾರ್ಟ್ ಮಾಡುವ ಕಾರ್ಖಾನೆ ನಿಂತಿರೋದೇ ನಾಲ್ಕೈದು ಹಳೇ ಕೈಗಳ ಮೇಲೆ, ಅವರು ಹತ್ತು ವರ್ಷ ಇರಬೇಕು. ಹೇಳಿದ ದಿನಕ್ಕೆ ಕೊಡುತ್ತೇವೆ ಅನ್ನುವವರಿಗೆ, ಇವತ್ತು ಮಿಲ್ಲಿಂಗ್ ನಾಳೆ ಡೀಬರಿಂಗ್ (ಪಾರ್ಟ್ ಅಂಚು ಉಜ್ಜೋದು) ನಾಡಿದ್ದು ಪ್ಯಾಕಿಂಗ್, ಎಲ್ಲಿ ನಿಲ್ಲಿಸಿದರೂ ಕೆಲಸ ಮಾಡುವ ಜನ ಬೇಕು. ನಮ್ಮ ಓನರ್ ಏರೋಸ್ಪೇಸ್ ಕೆಲಸಕ್ಕೆ ಹೋಗುತ್ತಿದ್ದರು, ಅಂದರೆ ಎರಡನೇ ದಾರಿ. ನಾನು ಮಾತ್ರ ಆಗಲೂ ಮೊದಲನೇ ದಾರಿಗೆ ಬೇಕಾದ ಹಾಗೆ ಕಂಟ್ರಾಕ್ಟರ್‌ಗೆ ಫೋನ್ ಮಾಡಿ "ಹತ್ತು ಹುಡುಗರನ್ನ ಕಳಿಸಿ" ಅನ್ನುತ್ತಿದ್ದೆ.

ಎಲ್ಲ ಯಾರ ಮೇಲೆ ನಿಂತಿದೆ ಅಂತ ಹುಡುಕಿ

ಇದಕ್ಕೆ ನನಗೆ ಯಾವಾಗಲೂ ನೆನಪಾಗೋದು ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 11 ಹಾಸಿಗೆ ಇಟ್ಟು ಶುರು ಮಾಡಿದ್ದು. ಕಡಿಮೆ ಖರ್ಚಿನಲ್ಲಿ, ತುಂಬ ಜನರಿಗೆ, ಚೆನ್ನಾಗಿ ಪೊರೆ ಆಪರೇಷನ್ ಮಾಡಬೇಕು ಅನ್ನೋದು ಅವರ ದಾರಿ. ಹಾಗಾದರೆ ಜಾಸ್ತಿ ಡಾಕ್ಟರ್‌ಗಳನ್ನು ತರಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ ಅಲ್ವಾ? ಅವರು ತಂದದ್ದು ಹಳ್ಳಿಗಳಲ್ಲಿ ಹನ್ನೆರಡನೇ ಕ್ಲಾಸ್ ಮುಗಿಸಿದ ಹುಡುಗಿಯರನ್ನು. ಅವರಿಗೆ ಎರಡು ವರ್ಷ ಆಸ್ಪತ್ರೆಯಲ್ಲೇ ತರಬೇತಿ. ಕಣ್ಣು ಪರೀಕ್ಷೆ, ಅಳತೆ, ರೋಗಿಯನ್ನು ಸಿದ್ಧ ಮಾಡೋದು, ಆಮೇಲೆ ನೋಡಿಕೊಳ್ಳೋದು ಎಲ್ಲ ಅವರ ಕೈಯಲ್ಲಿ. ಸರ್ಜನ್ ಒಂದು ಟೇಬಲ್‌ನಲ್ಲಿ ಆಪರೇಷನ್ ಮಾಡುತ್ತಿರುವಾಗ ಪಕ್ಕದ ಟೇಬಲ್‌ನಲ್ಲಿ ಮುಂದಿನ ರೋಗಿ ಸಿದ್ಧವಾಗಿರುತ್ತಾರೆ. ಸರ್ಜನ್ ಆ ಕಡೆ ತಿರುಗಿದರೆ ಸಾಕು. ಡಾಕ್ಟರ್ ಸಮಯದಲ್ಲಿ ಒಂದು ನಿಮಿಷವೂ ಬೇರೆ ಕೆಲಸಕ್ಕೆ ಹೋಗಲ್ಲ. ಆ ಹುಡುಗಿಯರನ್ನು ಆರಿಸಿ, ಕಲಿಸಿ, ಉಳಿಸಿಕೊಳ್ಳುವ ಕೆಲಸ ಕೆಟ್ಟರೆ ಆಸ್ಪತ್ರೆಯ ಲೆಕ್ಕವೇ ತಲೆಕೆಳಗಾಗುತ್ತೆ. ಅಲ್ಲಿ ಎಚ್‌ಆರ್ ಕೆಲಸವೇ ಸ್ಟ್ರ್ಯಾಟಜಿ.

ನಿಮ್ಮ ಕಾರ್ಖಾನೆಯಲ್ಲಿ ಆ ಹುಡುಗಿಯರು ಯಾರು? ಇದನ್ನು ಪತ್ತೆ ಮಾಡಲು ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ: ನಾಳೆ ಬೆಳಿಗ್ಗೆ ಇವರು ಬರದಿದ್ದರೆ ಡಿಸ್‌ಪ್ಯಾಚ್ ನಿಲ್ಲುತ್ತಾ? ನಮ್ಮಲ್ಲಿ 78 ಜನ ಇದ್ದರು. ಒಬ್ಬೊಬ್ಬರ ಹೆಸರಿಗೂ ಈ ಪ್ರಶ್ನೆ ಕೇಳುತ್ತಾ ಹೋದಾಗ ಉಳಿದದ್ದು ಐದೇ ಹೆಸರು. ನಾಲ್ವರು ಸೆಟ್ಟರ್‌ಗಳು, ಸಿಎಂಎಂ ಅನ್ನುವ ಅಳತೆ ಯಂತ್ರದಲ್ಲಿ ಪಾರ್ಟ್ ಅಳೆಯುವ ಒಬ್ಬ ಇನ್‌ಸ್ಪೆಕ್ಟರ್. ಮ್ಯಾನೇಜರ್‌ಗಳ ಹೆಸರು ಬರಲಿಲ್ಲ, ನನ್ನ ಹೆಸರಂತೂ ಬರಲೇ ಇಲ್ಲ. ಆ ಐದು ಜನರ ಸಂಬಳ ನೋಡಿದರೆ ಬರೀ ಸರ್ವಿಸ್ ಪ್ರಕಾರ ಇತ್ತು. ಹನ್ನೆರಡು ವರ್ಷದಿಂದ ಸ್ಟೋರ್ಸ್‌ನಲ್ಲಿರುವವರಿಗೆ ಸೆಟ್ಟರ್‌ಗಿಂತ ಜಾಸ್ತಿ. ಸ್ಟೋರ್ಸ್‌ನವರ ಮೇಲೆ ನನಗೆ ಕೋಪ ಇಲ್ಲ. ಆದರೆ ಪಕ್ಕದ ಬೀದಿಯಲ್ಲಿ ಸೆಟ್ಟರ್‌ಗೆ ಏನು ಕೊಡುತ್ತಾರೆ ಅಂತ ನಮ್ಮ ಸೆಟ್ಟರ್‌ಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಸ್ಕಿಲ್ ಮ್ಯಾಟ್ರಿಕ್ಸ್: ಗೋಡೆಗೆ ಅಂಟಿಸಿದರೆ ಸಾಲದು

ಐಎಸ್‌ಒ ಸರ್ಟಿಫಿಕೇಟ್ ಇರುವ ಎಲ್ಲ ಕಾರ್ಖಾನೆಯಲ್ಲೂ ಗೋಡೆ ಮೇಲೆ ಸ್ಕಿಲ್ ಮ್ಯಾಟ್ರಿಕ್ಸ್, ಅಂದರೆ ಯಾರಿಗೆ ಯಾವ ಕೆಲಸ ಬರುತ್ತೆ ಅನ್ನುವ ಪಟ್ಟಿ, ನೇತಾಡುತ್ತಿರುತ್ತೆ. ಆಡಿಟ್‌ಗೆ ಎರಡು ದಿನ ಮುಂಚೆ ಯಾರೋ ಕೂತು ತುಂಬಿರುತ್ತಾರೆ. ಅದನ್ನು ಪಕ್ಕಕ್ಕಿಟ್ಟು ಒಂದು ದೊಡ್ಡ ಚಾರ್ಟ್ ಶೀಟ್ ತನ್ನಿ.

ಎಡಗಡೆ ಹೆಸರುಗಳು. ಮೇಲೆ ಅಡ್ಡಕ್ಕೆ ಕೆಲಸಗಳು: ಮಷಿನ್ ಹೆಸರು ಬರೆಯಬೇಡಿ, ಕೆಲಸ ಬರೆಯಿರಿ. "ಟೂಲ್ ಆಫ್‌ಸೆಟ್ ಹಾಕೋದು" (ಟೂಲಿನ ಅಳತೆ ಮೆಷಿನ್‌ಗೆ ಕೊಡೋದು), "ಹೊಸ ಪಾರ್ಟ್‌ಗೆ ಫಿಕ್ಸ್‌ಚರ್ ಕಟ್ಟಿ ಮೊದಲ ಪೀಸ್ ಪಾಸ್ ಮಾಡೋದು" (ಫಿಕ್ಸ್‌ಚರ್ ಅಂದರೆ ಪಾರ್ಟ್ ಹಿಡಿದಿಡುವ ಚೌಕಟ್ಟು), "ಡ್ರಾಯಿಂಗ್ ನೋಡಿ ಸಿಎಂಎಂ ಪ್ರೋಗ್ರಾಂ ಬರೆಯೋದು", ಹೀಗೆ. ಪ್ರತಿ ಚೌಕದಲ್ಲೂ ಒಂದು ವೃತ್ತ, ಅದನ್ನು ನಾಲ್ಕು ಭಾಗ ಮಾಡಿ. ಕಾಲು ತುಂಬಿದರೆ ನೋಡಿ ಗೊತ್ತು ಅಂತ, ಅರ್ಧ ಅಂದರೆ ಯಾರಾದರೂ ಜೊತೆಗಿದ್ದರೆ ಮಾಡುತ್ತಾರೆ, ಮುಕ್ಕಾಲು ಅಂದರೆ ಒಬ್ಬರೇ ಮಾಡುತ್ತಾರೆ, ಪೂರ್ತಿ ಅಂದರೆ ಇನ್ನೊಬ್ಬರಿಗೆ ಕಲಿಸಬಲ್ಲರು. ಇದನ್ನು ನೀವೇ ತುಂಬಬೇಡಿ, ಸೂಪರ್‌ವೈಸರ್ ಒಬ್ಬರೇ ತುಂಬೋದೂ ಬೇಡ. ಸೂಪರ್‌ವೈಸರ್‌ಗೆ ತಮ್ಮವರು ಅಂತ ಇರುತ್ತಾರೆ. ಎರಡೂ ಶಿಫ್ಟ್ ಇನ್‌ಚಾರ್ಜ್‌ಗಳನ್ನು ಒಟ್ಟಿಗೆ ಕೂರಿಸಿ, ಜಗಳ ಆಡಲಿ ಬಿಡಿ. ಅನುಮಾನ ಬಂದ ಕಡೆ ಶಾಪ್ ಫ್ಲೋರ್‌ಗೆ ಹೋಗಿ ಮಾಡಿಸಿ ನೋಡಿ.

ಈಗ ಎಲ್ಲರೂ ಮಾಡುವ ತಪ್ಪು ಏನಂದರೆ ಅಡ್ಡಸಾಲು ಓದೋದು, ಅಂದರೆ ಇವನಿಗೆ ಏನೇನು ಬರುತ್ತೆ ಅಂತ. ನೀವು ಉದ್ದಸಾಲು, ಅಂದರೆ ಮೇಲಿಂದ ಕೆಳಕ್ಕೆ, ಓದಿ. ಈ ಕೆಲಸ ಎಷ್ಟು ಜನಕ್ಕೆ ಬರುತ್ತೆ? ಇಡೀ ಉದ್ದಸಾಲಿನಲ್ಲಿ ಪೂರ್ತಿ ವೃತ್ತ ಒಂದೇ ಇದ್ದರೆ ಅಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ನಮ್ಮ ಚಾರ್ಟ್‌ನಲ್ಲಿ ಡೀಬರಿಂಗ್ ಬರುವವರು ಮೂವತ್ತು ಜನ. ಸಿಎಂಎಂ ಪ್ರೋಗ್ರಾಂ ಬರೆಯಬಲ್ಲವರು ಒಬ್ಬರು. ಫೈವ್ ಆಕ್ಸಿಸ್ ಸೆಟ್ಟಿಂಗ್ ಸಾಲು ಪೂರ್ತಿ ಖಾಲಿ. ಅದನ್ನು ನೋಡಿ ಓನರ್ ಒಂದು ನಿಮಿಷ ಮಾತಾಡಲಿಲ್ಲ.

ಆಮೇಲೆ ಆರ್ಡರ್ ಬುಕ್ ಪಕ್ಕದಲ್ಲಿಟ್ಟುಕೊಂಡು ತಲೆ ಎಣಿಸಿ. ಲೆಕ್ಕ ಸುಲಭ. ಒಂದು ಮೆಷಿನ್, ಎರಡು ಶಿಫ್ಟ್, ಅಂದರೆ ಇಬ್ಬರು ಸೆಟ್ಟರ್ ಸಾಕು ಅಂತ ಪ್ರೊಡಕ್ಷನ್‌ನವರು ಹೇಳುತ್ತಾರೆ. ಸಾಲದು. ರಜೆ, ಜ್ವರ, ಮದುವೆ, ಊರಹಬ್ಬ, ಅಜ್ಜಿ ತಿಥಿ ಎಲ್ಲ ಸೇರಿ ಒಬ್ಬ ಮನುಷ್ಯ ವರ್ಷಕ್ಕೆ ಮೂವತ್ತು ದಿನವಾದರೂ ಇರುವುದಿಲ್ಲ. ಇಬ್ಬರದ್ದು ಸೇರಿಸಿದರೆ ಅರವತ್ತು ದಿನ. ಆದ್ದರಿಂದ ಮೂವರು ಬೇಕು, ಅಥವಾ ಇಬ್ಬರು ಮತ್ತು ಮುಕ್ಕಾಲು ವೃತ್ತ ತುಂಬಿದ ಇನ್ನೊಬ್ಬ ಆಪರೇಟರ್. ಆ ಮೂವರನ್ನು ಯಾವ ತಿಂಗಳೊಳಗೆ ಸಿದ್ಧ ಮಾಡಬೇಕು ಅನ್ನೋದನ್ನು ಆರ್ಡರ್ ಬುಕ್ ಹೇಳುತ್ತೆ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ ನೀವು ಶುರು ಮಾಡಬೇಕಾದ ತಾರೀಖು ಸಿಗುತ್ತೆ. ಹೆಚ್ಚಿನ ಸಲ ಆ ತಾರೀಖು ದಾಟಿ ಹೋಗಿರುತ್ತೆ, ಅದು ಬೇರೆ ವಿಷಯ.

ತರೋದಾ, ಬೆಳೆಸೋದಾ?

ಪಕ್ಕದ ಕಂಪನಿಯಿಂದ ಮೂರು ಸಾವಿರ ಜಾಸ್ತಿ ಕೊಟ್ಟು ಕರೆದುಕೊಂಡು ಬರೋದು ಸುಲಭದ ದಾರಿ. ನಾನೂ ಮಾಡಿದ್ದೇನೆ. ಹಾಗೆ ಬಂದವನು ಇನ್ಯಾರೋ ಮೂರು ಸಾವಿರ ಜಾಸ್ತಿ ಕೊಟ್ಟರೆ ಹೋಗುತ್ತಾನೆ, ಅಷ್ಟು ಹೊತ್ತಿಗೆ ನಿಮ್ಮ ಹಳಬರಿಗೆ ಅವನ ಸಂಬಳ ಎಷ್ಟು ಅಂತ ಗೊತ್ತಾಗಿರುತ್ತೆ. ಒಂದು ಸಲ ಸರ್ಟಿಫಿಕೇಟ್ ನೋಡಿ, ಇಂಗ್ಲಿಷ್‌ನಲ್ಲಿ ಚೆನ್ನಾಗಿ ಮಾತಾಡಿದ ಅಂತ ಒಬ್ಬರನ್ನು ತಗೊಂಡೆ. ಮೊದಲ ದಿನವೇ ಆಫ್‌ಸೆಟ್‌ನಲ್ಲಿ ಮೈನಸ್ ಬದಲು ಪ್ಲಸ್ ಹಾಕಿ ಟೂಲ್ ಹೋಗಿ ಪಾರ್ಟ್ ಹಿಡಿದಿಡುವ ವೈಸ್‌ಗೆ ಗುದ್ದಿತು. ಅವತ್ತಿನಿಂದ ಸೆಟ್ಟರ್ ಕೆಲಸಕ್ಕೆ ಬಂದವರನ್ನು ನಾನು ಇಂಟರ್‌ವ್ಯೂ ಮಾಡೋದೇ ಇಲ್ಲ. ಒಂದು ಡ್ರಾಯಿಂಗ್, ಒಂದು ಮೈಕ್ರೋಮೀಟರ್, ಒಂದು ಹಳೇ ಪೀಸ್, ಅರ್ಧ ಗಂಟೆ ಸಮಯ ಕೊಡುತ್ತೇನೆ. ಪಾರ್ಟ್‌ನಲ್ಲಿ ಎರಡು ತಪ್ಪು ಬೇಕು ಅಂತಲೇ ಇಟ್ಟಿರುತ್ತೇವೆ. ಹುಡುಕಲಿ. ನನ್ನ ಜೊತೆ ಮಾತು ಆಮೇಲೆ.

ಕಷ್ಟದ ಕೆಲಸಕ್ಕೆ ಬೇಕಾದವರನ್ನು ಬೆಳೆಸಲೇಬೇಕು. ದೊಡ್ಡವರು ಇದಕ್ಕೆ ಎಷ್ಟು ಮುಂಚೆ ಕೈ ಹಾಕುತ್ತಾರೆ ನೋಡಿ: ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್‌ನವರು 2007ರಲ್ಲೇ ತಮ್ಮದೇ ತರಬೇತಿ ಸಂಸ್ಥೆ ತೆರೆದರು, ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಮಕ್ಕಳನ್ನು ಅಲ್ಲೇ ಉಳಿಸಿಕೊಂಡು ಮೂರು ವರ್ಷ ಕಲಿಸುತ್ತಾರೆ. ಅಂದರೆ ಇವತ್ತು ಸೇರಿಸಿಕೊಂಡವರು ಲೈನ್‌ಗೆ ಬರೋದು ಮೂರು ವರ್ಷ ಆದ ಮೇಲೆ. ನಮ್ಮ ನಿಮ್ಮಂಥವರಿಗೆ ಅಷ್ಟು ಆಗಲ್ಲ. ಆದರೆ ಜಿಟಿಟಿಸಿ (ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ) ಇದೆ, ಐಟಿಐಗಳಿವೆ, ಅಪ್ರೆಂಟಿಸ್ ಕಾಯ್ದೆ ಇದೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಒಟ್ಟು ಜನರ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್ ತಗೊಳ್ಳಲೇಬೇಕು ಅಂತ ನಿಯಮವೇ ಇದೆ. 78 ಜನಕ್ಕೆ ಇಬ್ಬರಿಂದ ಹನ್ನೊಂದು. ಸ್ಟೈಪೆಂಡ್‌ನಲ್ಲಿ ಒಂದು ಪಾಲು ಸರ್ಕಾರದಿಂದಲೂ ಬರುತ್ತೆ. ಬಹಳ ಕಡೆ ಇದನ್ನು ದಂಡ ತಪ್ಪಿಸಲು ಇಬ್ಬರನ್ನು ತಗೊಂಡು ಅವರ ಕೈಯಲ್ಲಿ ಲೋಹದ ಚೂರು ಗುಡಿಸಿಸುತ್ತಾರೆ. ಅದರ ಬದಲು ಆರು ಜನರನ್ನು ತಗೊಂಡು, ಯಾರ ವೃತ್ತ ಪೂರ್ತಿ ತುಂಬಿದೆಯೋ ಅವರ ಪಕ್ಕದಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿ.

ಇಲ್ಲೊಂದು ಸೂಕ್ಷ್ಮ ಇದೆ. ಹಳೇ ಸೆಟ್ಟರ್ ಯಾಕೆ ಕಲಿಸಬೇಕು? ತನಗೆ ಮಾತ್ರ ಗೊತ್ತಿರೋದೇ ಅವನ ಬಲ. ಕಲಿಸಿದರೆ ನಾಳೆ ತನ್ನನ್ನು ಕಳಿಸುತ್ತಾರೆ ಅಂತ ಅವನಿಗೆ ಭಯ, ಆ ಭಯ ಸುಳ್ಳೂ ಅಲ್ಲ. "ಟೀಂ ಸ್ಪಿರಿಟ್" ಅಂತ ಭಾಷಣ ಮಾಡಿ ಪ್ರಯೋಜನ ಇಲ್ಲ. ನಾವು ಮಾಡಿದ್ದು ಇಷ್ಟು: ಅವನ ಕೈಕೆಳಗೆ ಕಲಿತ ಹುಡುಗ ಮುಕ್ಕಾಲು ವೃತ್ತಕ್ಕೆ ಬಂದರೆ, ಟ್ರಯಲ್‌ನಲ್ಲಿ ಪಾಸಾದರೆ, ಕಲಿಸಿದವನಿಗೆ ಒಂದು ಗಟ್ಟಿ ಮೊತ್ತ, ಜೊತೆಗೆ ಹುದ್ದೆಯ ಹೆಸರು ಬದಲು. ಅದನ್ನು ಕಾಗದದಲ್ಲಿ ಬರೆದು ಓನರ್ ಸಹಿ ಹಾಕಿಸಿದೆ. ಬಾಯಿ ಮಾತು ಆಗಿದ್ದರೆ ಯಾರೂ ನಂಬುತ್ತಿರಲಿಲ್ಲ.

ಸಂಬಳ: ನೀವು ಯಾವುದಕ್ಕೆ ದುಡ್ಡು ಕೊಡುತ್ತೀರೋ ಅದೇ ಸಿಗುತ್ತೆ

ನಮ್ಮಲ್ಲಿ ಹಳೇ ಕಾಲದಿಂದ ಪ್ರೊಡಕ್ಷನ್ ಇನ್ಸೆಂಟಿವ್ ಇತ್ತು. ಶಿಫ್ಟ್‌ಗೆ ಇಷ್ಟು ಪೀಸ್, ಅದರ ಮೇಲೆ ಮಾಡಿದರೆ ಪೀಸಿಗೆ ಇಷ್ಟು. ಆಟೋ ಪಾರ್ಟ್ ಮಾಡುವಾಗ ಅದು ಸರಿ ಇತ್ತು. ಏರೋಸ್ಪೇಸ್ ಕೆಲಸ ಬಂದ ಮೇಲೂ ಅದನ್ನೇ ಬಿಟ್ಟೆವು. ಏನಾಯಿತು? ಐದು ಪೀಸಿಗೊಮ್ಮೆ ಬೋರ್ (ಪಾರ್ಟ್‌ನಲ್ಲಿ ಕೊರೆದ ರಂಧ್ರ) ಅಳೆಯಬೇಕು ಅಂತ ಇದ್ದದ್ದನ್ನು ಹುಡುಗರು ಹದಿನೈದಕ್ಕೊಮ್ಮೆ ಅಳೆದು, ನಡುವಿನ ರೀಡಿಂಗ್‌ಗಳನ್ನು ಅಂದಾಜಿನಲ್ಲಿ ಬರೆದರು. ಅವರನ್ನು ಬೈದು ಏನು ಬಂತು, ಅಳೆಯುತ್ತಾ ಕೂತರೆ ಇನ್ಸೆಂಟಿವ್ ಹೋಗುತ್ತೆ ಅಂತ ನಾವೇ ಹೇಳಿಕೊಟ್ಟಿದ್ದೆವು. ಒಂದು ಇಡೀ ಲಾಟ್ ವಾಪಸ್ ಬಂತು. ಆಮೇಲೆ ಪೀಸ್ ಲೆಕ್ಕ ತೆಗೆದು, ಮೊದಲ ಸಲಕ್ಕೇ ಇನ್‌ಸ್ಪೆಕ್ಷನ್‌ನಲ್ಲಿ ಪಾಸಾದ ಪೀಸ್ ಲೆಕ್ಕ ಹಾಕಿದೆವು, ರೀವರ್ಕ್ ಆದದ್ದು ಎಣಿಕೆಗಿಲ್ಲ. ಮತ್ತೆ ಸ್ಕಿಲ್ ಅಲೋವೆನ್ಸ್ ಅಂತ ಬೇರೆ ಇಟ್ಟೆವು, ವೃತ್ತ ತುಂಬಿದ ಹಾಗೆ ಏರುತ್ತೆ. ಸರ್ವಿಸ್‌ಗೆ ಸಿಗೋದು ಸರ್ವಿಸ್‌ಗೆ, ಕೈಗೆ ಸಿಗೋದು ಕೈಗೆ. ಆದ್ದರಿಂದ ನಿಮ್ಮ ಓನರ್ ದಾರಿ ಬದಲಿಸಿದ ದಿನವೇ ಇನ್ಸೆಂಟಿವ್ ಸ್ಕೀಂ ತೆಗೆದು ಓದಿ. ಅದು ಹಳೇ ಕಂಪನಿಗೆ ಬರೆದದ್ದಾಗಿರುತ್ತೆ.

ಸಂಬಳದ ವಿಷಯದಲ್ಲಿ ಇನ್ನೊಂದು ಗುಂಡಿ ಇದೆ, ಇದನ್ನು ಯಾವ ಎಂಬಿಎ ಕಾಲೇಜಿನಲ್ಲೂ ನನಗೆ ಹೇಳಿರಲಿಲ್ಲ. ಒಬ್ಬ ಒಳ್ಳೇ ಸೆಟ್ಟರ್‌ಗೆ 20,500 ಇತ್ತು, ಖುಷಿಯಿಂದ ಎರಡು ಸಾವಿರ ಇನ್‌ಕ್ರಿಮೆಂಟ್ ಲೆಟರ್ ಕೊಟ್ಟೆ. ಮಾರನೇ ದಿನ ಬಂದು ಲೆಟರ್ ಟೇಬಲ್ ಮೇಲಿಟ್ಟು, "ಮೇಡಂ, ಇದು ಬೇಡ, ಐನೂರು ಮಾತ್ರ ಮಾಡಿಕೊಡಿ" ಅಂದರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಅವರ ತಾಯಿಗೆ ಕಿಡ್ನಿ ತೊಂದರೆ, ವಾರಕ್ಕೆ ಎರಡು ಸಲ ಡಯಾಲಿಸಿಸ್, ಎಲ್ಲ ಇಎಸ್‌ಐನಲ್ಲಿ (ನೌಕರರ ರಾಜ್ಯ ವಿಮೆಯಲ್ಲಿ) ನಡೆಯುತ್ತಿತ್ತು. ಸಂಬಳ 21,000 ದಾಟಿದರೆ ಆ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಗೆ, ಇಎಸ್‌ಐನಿಂದ ಹೊರಗೆ. ಅಲ್ಲಿಂದಾಚೆಗೆ ಇಎಸ್‌ಐ ಸೌಲಭ್ಯ ಉಳಿಯೋದು ಕೆಲವೇ ತಿಂಗಳು. ನಾನು ಕೊಟ್ಟ ಎರಡು ಸಾವಿರ ಅವರ ಮನೆಯಿಂದ ಅದರ ಎಷ್ಟೋ ಪಟ್ಟು ಕಿತ್ತುಕೊಳ್ಳುತ್ತಿತ್ತು. ಕಂಪನಿ ಅವರನ್ನು ಉಳಿಸಿಕೊಳ್ಳಲು ಕೊಟ್ಟ ಹಣವೇ ಅವರನ್ನು ಓಡಿಸುವ ಹಾಗಿತ್ತು. 21,000ದ ಗೆರೆ ಹತ್ತಿರ ಇರುವವರ ಪಟ್ಟಿ ಮೊದಲೇ ಮಾಡಿಟ್ಟುಕೊಳ್ಳಿ, ಅವರ ಮನೆಯಲ್ಲಿ ಯಾರಿಗೆ ಏನಿದೆ ಕೇಳಿ, ಗೆರೆ ದಾಟಿಸುವ ಮುಂಚೆ ತಂದೆ ತಾಯಿಯೂ ಸೇರುವ ಗ್ರೂಪ್ ಮೆಡಿಕ್ಲೈಮ್ ಮಾಡಿಸಿ. ಮೊದಲೇ ಇರುವ ಕಾಯಿಲೆಗೆ ಮೊದಲ ದಿನದಿಂದ ಕವರ್ ಇದೆಯಾ ಅಂತ ಪಾಲಿಸಿಯಲ್ಲಿ ನೀವೇ ಓದಿ, ಏಜೆಂಟ್ ಮಾತು ಕೇಳಬೇಡಿ. ಅವರ ಇನ್‌ಕ್ರಿಮೆಂಟ್ ನಾವು ಪಾಲಿಸಿ ಆಗುವವರೆಗೆ ತಡೆದು, ಆಮೇಲೆ ಪೂರ್ತಿ ಕೊಟ್ಟೆವು.

ಕಾನೂನಿನ ಕೆಲಸದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪಿಎಫ್, ಇಎಸ್‌ಐ, ಬೋನಸ್, ಗ್ರಾಚುಟಿ, ಹತ್ತು ಜನ ಇದ್ದರೆ ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ, ಇವೆಲ್ಲ ಸ್ಟ್ರ್ಯಾಟಜಿ ಅಲ್ಲ ಅಂತ ಮೂಗು ಮುರಿಯಬೇಡಿ. ದೊಡ್ಡ ಕಸ್ಟಮರ್ ಆಡಿಟ್‌ಗೆ ಬಂದಾಗ ಮೆಷಿನ್ ನೋಡಿದ ಮೇಲೆ ಕೇಳೋದು ಕಂಟ್ರಾಕ್ಟ್ ಹುಡುಗರ ಪಿಎಫ್ ಚಲನ್. ಅದು ಇಲ್ಲದಿದ್ದರೆ ಆರ್ಡರ್ ಇಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎಲ್ಲರಿಗೂ ಅಪಾಯಿಂಟ್‌ಮೆಂಟ್ ಲೆಟರ್ ಕೊಡಬೇಕು, ನಿಗದಿತ ಅವಧಿಗೆ ತಗೊಂಡವರಿಗೆ ಒಂದು ವರ್ಷಕ್ಕೇ ಗ್ರಾಚುಟಿ ಲೆಕ್ಕ ಬರುತ್ತೆ, ಅಲೋವೆನ್ಸ್‌ಗಳನ್ನು ಅರ್ಧಕ್ಕಿಂತ ಜಾಸ್ತಿ ಮಾಡಿ ಬೇಸಿಕ್ ಕಡಿಮೆ ತೋರಿಸುವ ಹಳೇ ಆಟ ನಡೆಯಲ್ಲ. ಇವುಗಳ ಖರ್ಚನ್ನು ಓನರ್ ಹೊಸ ಕೊಟೇಶನ್ ಹಾಕುವ ಮುಂಚೆ ಅವರಿಗೆ ಹೇಳಿ. ಆಮೇಲೆ ಹೇಳಿದರೆ ಬೈಗುಳ ಮಾತ್ರ ನಿಮಗೆ.

ಬಿಟ್ಟು ಹೋಗುವವರ ಲೆಕ್ಕ

ಅಟ್ರಿಷನ್ ಶೇಕಡಾ ಇಷ್ಟು ಅಂತ ಒಂದೇ ಅಂಕಿ ಕೊಡೋದನ್ನು ನಿಲ್ಲಿಸಿ. ಹತ್ತು ಹೆಲ್ಪರ್‌ಗಳು ಬಿಟ್ಟು ಸೆಟ್ಟರ್‌ಗಳೆಲ್ಲ ಉಳಿದ ವರ್ಷಕ್ಕೂ, ಹೆಲ್ಪರ್‌ಗಳೆಲ್ಲ ಉಳಿದು ಇಬ್ಬರು ಸೆಟ್ಟರ್ ಬಿಟ್ಟ ವರ್ಷಕ್ಕೂ ಭೂಮಿ ಆಕಾಶದ ವ್ಯತ್ಯಾಸ. ಚಾರ್ಟ್‌ನ ಯಾವ ಉದ್ದಸಾಲಿನಿಂದ ಹೋದರು ಅಂತ ಬರೆಯಿರಿ. ಮತ್ತೆ ಎಕ್ಸಿಟ್ ಇಂಟರ್‌ವ್ಯೂನಲ್ಲಿ ನಿಜ ಸಿಗಲ್ಲ. ಕೊನೇ ದಿನ ಅವರಿಗೆ ರಿಲೀವಿಂಗ್ ಲೆಟರ್ ಬೇಕು, ಫುಲ್ ಅಂಡ್ ಫೈನಲ್ (ಬಾಕಿ ಹಣ) ಬೇಕು, ಆಗ "ಎಲ್ಲ ಚೆನ್ನಾಗಿತ್ತು ಮೇಡಂ, ಮನೆ ಸಮಸ್ಯೆ" ಅಂತಲೇ ಹೇಳುತ್ತಾರೆ. ಮೂರು ತಿಂಗಳು ಬಿಟ್ಟು ಫೋನ್ ಮಾಡಿ, ಹೇಗಿದ್ದೀರಿ ಅಂತ ಕೇಳಿ. ಆಗ ಬರುತ್ತೆ.

ಹಾಗೆ ಫೋನ್ ಮಾಡಿದಾಗಲೇ ಗೊತ್ತಾಗಿದ್ದು: ಎರಡನೇ ಶಿಫ್ಟ್‌ನಿಂದ ಬಿಟ್ಟು ಹೋದ ಮೂವರೂ ನೆಲಮಂಗಲದ ಕಡೆಯವರು. ಶಿಫ್ಟ್ ಮುಗಿಯುವ ಹೊತ್ತಿಗೆ ಅವರ ಬಸ್ಸು ಹೋಗಿರುತ್ತಿತ್ತು. ಲಾರಿ ಹತ್ತಿಕೊಂಡು ಹೋಗುತ್ತಿದ್ದರು. ನಾವು ಸಂಬಳ ಕಡಿಮೆ ಅಂತ ತಲೆ ಕೆಡಿಸಿಕೊಂಡಿದ್ದೆವು. ಶಿಫ್ಟ್ ಇಪ್ಪತ್ತೈದು ನಿಮಿಷ ಮುಂಚೆ ಮುಗಿಯುವ ಹಾಗೆ ಮಾಡಿದೆವು, ಅಷ್ಟೇ.

ಓಟಿಯನ್ನೂ ಹೀಗೇ ಓದಿ. ಓಟಿಗೆ ಎರಡರಷ್ಟು ಕೂಲಿ ಅಂತ ಎಲ್ಲರಿಗೂ ಗೊತ್ತು. ಆದರೆ ಒಂದೇ ಕೆಲಸಕ್ಕೆ ತಿಂಗಳು ತಿಂಗಳು ಓಟಿ ಬೀಳುತ್ತಿದ್ದರೆ ಅದು ಆ ಸಾಲಿನಲ್ಲಿ ಜನ ಕಡಿಮೆ ಇದ್ದಾರೆ ಅಂತ ಕಾರ್ಖಾನೆಯೇ ನಿಮಗೆ ಹೇಳುತ್ತಿರೋದು.

ಓನರ್‌ಗೆ ಅರ್ಥವಾಗುವ ಭಾಷೆ

"ಟ್ರೇನಿಂಗ್ ಬಜೆಟ್ ಬೇಕು ಸಾರ್" ಅಂದರೆ ಯಾರೂ ಕೊಡಲ್ಲ. ಅಕೌಂಟ್ಸ್‌ನವರ ಹತ್ತಿರ ಹೋಗಿ ಮೆಷಿನ್ ಅವರ್ ರೇಟ್ ಕೇಳಿಕೊಳ್ಳಿ. ನಮ್ಮ ಫೈವ್ ಆಕ್ಸಿಸ್‌ಗೆ ಗಂಟೆಗೆ 1,500 ಅಂತ ಹಿಡಿದಿದ್ದರು. ಆರು ವಾರ, ವಾರಕ್ಕೆ ಆರು ದಿನ, ದಿನಕ್ಕೆ ಹದಿನಾರು ಗಂಟೆ: 576 ಗಂಟೆ. ಮೆಷಿನ್ ಸುಮ್ನೆ ನಿಂತದ್ದಕ್ಕೆ ಹೋದದ್ದು 8,64,000 ರೂಪಾಯಿ. ಇಬ್ಬರು ಸೆಟ್ಟರ್‌ಗಳನ್ನು ಮೆಷಿನ್ ಬರುವ ಆರು ತಿಂಗಳು ಮುಂಚೆಯೇ ತಗೊಂಡು, ತಿಂಗಳಿಗೆ 28,000 ಕೊಟ್ಟು ಬರೀ ಕಲಿಯಲು ಬಿಟ್ಟಿದ್ದರೂ ಆಗುತ್ತಿದ್ದದ್ದು 3,36,000. ಈ ಎರಡು ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದು ಅವರ ಮುಂದೆ ಇಟ್ಟೆ. ನಾನು ಸೇರಿದಾಗಿನಿಂದ ಎಚ್‌ಆರ್ ಕಾಗದವನ್ನು ಅವರು ಎರಡು ಸಲ ಓದಿದ್ದು ಅದೇ ಮೊದಲು.

ಈಗ ನನ್ನ ತಿಂಗಳ ರಿಪೋರ್ಟ್ ಒಂದೇ ಪುಟ. ಮುಂದಿನ ಆರು ತಿಂಗಳ ಆರ್ಡರ್‌ಗೆ ಯಾವ ಕೆಲಸದಲ್ಲಿ ಎಷ್ಟು ಕೈ ಕಡಿಮೆ. ಒಬ್ಬರ ಮೇಲೇ ನಿಂತಿರುವ ಕೆಲಸ ಯಾವುದು. ಜನ ಇಲ್ಲದೆ ನಿಂತ ಮೆಷಿನ್ ಗಂಟೆ, ರೂಪಾಯಿಯಲ್ಲಿ. ಯಾರು ಬಿಟ್ಟು ಹೋಗಬಹುದು ಅಂತ ನನಗೆ ಅನ್ನಿಸುತ್ತಿದೆ, ಯಾಕೆ. ಹುಟ್ಟುಹಬ್ಬದ ಕೇಕ್ ತರಿಸುತ್ತೇನೆ, ಬರೆಯಲ್ಲ.

ಇಷ್ಟು ಮಾಡಿದ ಮೇಲೆ ಒಂದು ಸಲ "ಆಗಲ್ಲ" ಅಂತ ಹೇಳುವ ದಿನ ಬರುತ್ತೆ. ಹೊಸ ಕಸ್ಟಮರ್ ಒಬ್ಬರು ಮುಂದಿನ ತಿಂಗಳಿಂದ ಮೂರು ಪಟ್ಟು ಮಾಲು ಕೇಳಿದರು, ಓನರ್ ಮೂರನೇ ಶಿಫ್ಟ್ ಹಾಕೋಣ ಅಂದರು. ಚಾರ್ಟ್ ತೆಗೆದು ತೋರಿಸಿದೆ. ಮೂರನೇ ಶಿಫ್ಟ್‌ಗೆ ಆಪರೇಟರ್‌ಗಳಿದ್ದಾರೆ, ಸೆಟ್ಟರ್ ಸಿದ್ಧವಾಗಲು ನಾಲ್ಕು ತಿಂಗಳು ಬೇಕು. ಅಲ್ಲಿಯವರೆಗೆ ಈಗಿರುವವರನ್ನೇ ಎಳೆದರೆ ಇಬ್ಬರು ಬಿಡುತ್ತಾರೆ. ಓನರ್‌ಗೆ ಸಿಟ್ಟು ಬಂತು. ಎರಡು ದಿನ ಮಾತಾಡಲಿಲ್ಲ. ಆಮೇಲೆ ಕಸ್ಟಮರ್ ಹತ್ತಿರ ಹೋಗಿ ನಾಲ್ಕು ತಿಂಗಳಲ್ಲಿ ಹಂತ ಹಂತವಾಗಿ ಏರಿಸುತ್ತೇವೆ ಅಂತ ಕೇಳಿದರು, ಕಸ್ಟಮರ್ ಒಪ್ಪಿದರು. ಒಪ್ಪದಿದ್ದರೆ ಏನಾಗುತ್ತಿತ್ತೋ, ನನ್ನನ್ನು ಇನ್ನೂ ಇಟ್ಟುಕೊಂಡಿರುತ್ತಿದ್ದರೋ ಇಲ್ಲವೋ.

ನಮ್ಮ ಚಾರ್ಟ್‌ನಲ್ಲಿ ಇನ್ನೂ ಒಂದು ಕೆಂಪು ಗುರುತು ಹಾಗೇ ಇದೆ, ಸಿಎಂಎಂ ಪ್ರೋಗ್ರಾಂ ಸಾಲಿನಲ್ಲಿ. ಆ ಇನ್‌ಸ್ಪೆಕ್ಟರ್‌ಗೆ ಮೇ ತಿಂಗಳಲ್ಲಿ ಮದುವೆ, ಹದಿನೈದು ದಿನ ರಜೆ ಬರೆದುಕೊಟ್ಟಿದ್ದಾರೆ. ಪ್ಯಾಕಿಂಗ್‌ನಲ್ಲಿದ್ದ ಡಿಪ್ಲೊಮಾ ಹುಡುಗಿಯೊಬ್ಬಳನ್ನು ಸಂಕ್ರಾಂತಿಯಿಂದ ಅವರ ಪಕ್ಕದಲ್ಲಿ ಕೂರಿಸಿದ್ದೇನೆ. ಸದ್ಯಕ್ಕೆ ಅರ್ಧ ವೃತ್ತ.